ತಾಲ್ಲೂಕ್ ನೋಡ್ಬೇಡಿ, ಶಾಲೆ ನೋಡಿ

ನಮಸ್ತೆ ಸರ್, ಮಗಳನ್ನ ಒಂದನೇ ಕ್ಲಾಸಿಗೆ ಸೇರಿಸ್ಬೇಕು, ಶಿವಮೊಗ್ಗದ ನವುಲೆ ಕಡೆ ಮನೆ ಮಾಡೋದಾ ಅಬ್ಬಲಗೆರೆ ಕಡೆನಾ ಇಲ್ಲಾ ಭದ್ರಾವತಿನಾ, ಎಲ್ಲಿ ಸರ್ಕಾರಿ ಶಾಲೆ ಚೆನ್ನಾಗಿದೆ ಅಂತ ಕೇಳಿದೀರಲ್ಲ, ದಯವಿಟ್ಟು ತಾಲ್ಲೂಕಿನ ಎಸ್ಎಸ್ಎಲ್‌ಸಿ ರಿಸಲ್ಟ್ ನೋಡ್ಕೊಂಡು ಮನೆ ಹುಡುಕ್ಬೇಡಿ. ಅದ್ರಲ್ಲಿ ಪ್ರೈವೇಟು, ಅನುದಾನಿತ ಎಲ್ಲಾ ಸೇರಿರುತ್ತೆ, ಪ್ರೈಮರಿ ಹೇಗಿದೆ ಅಂತ ಅದು ಹೇಳಲ್ಲ.

ಶಾಲೆ ನಡೀವಾಗ್ಲೇ ಹೋಗಿ ನೋಡಿ. ಒಂದರಿಂದ ಮೂರು ಒಂದೇ ರೂಮಲ್ಲಿ ಕೂತಿದ್ರೆ ಗಾಬರಿ ಆಗ್ಬೇಡಿ, ಅದು ನಲಿ-ಕಲಿ, ಮೂರೂ ಕ್ಲಾಸಿನ ಮಕ್ಕಳನ್ನ ಕೂಡಿಸಿ ಚಟುವಟಿಕೆ ಮೂಲಕ ಕಲಿಸೋದು, ಪದ್ಧತಿನೇ ಹಾಗೆ. ಆದ್ರೆ ನಾಲ್ಕು ಐದು ಕೂಡ ಒಟ್ಟಿಗೆ ಕೂತಿದ್ರೆ ಮೇಷ್ಟ್ರು ಸಾಲ್ತಿಲ್ವೇನೋ ಅಂತ ವಿಚಾರಿಸಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಪ್ರೈಮರೀಲಿ 30 ಮಕ್ಕಳಿಗೆ ಒಬ್ಬರು ಇರ್ಬೇಕು, ಖಾಯಂ ಮೇಷ್ಟ್ರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಅಂತ ಹೆಡ್ ಮಾಸ್ಟರ್ ಹತ್ರ ಕೇಳಿ, ಸಂಕೋಚ ಬೇಡ. ನಾಲ್ಕನೇ ಕ್ಲಾಸಿನ ಯಾವ್ದಾದ್ರೂ ಮಗುವಿನ ಗಣಿತದ ನೋಟ್‌ಬುಕ್ ತೆಗೆದು ನೋಡಿ, ಬರೀ ಟಿಕ್ ಇದ್ಯಾ, ತಪ್ಪಾದ ಭಾಗಾಕಾರನ ಪಕ್ಕದಲ್ಲೇ ಮತ್ತೆ ಮಾಡಿಸಿದಾರಾ, ನನಗೆ ಇದಕ್ಕಿಂತ ನಂಬಿಕೆಯ ಗುರುತು ಬೇರೆ ಇಲ್ಲ.

ಹತ್ರದಲ್ಲಿ ಕರ್ನಾಟಕ ಪಬ್ಲಿಕ್ ಸ್ಕೂಲ್ ಇದ್ರೆ ಅದನ್ನೇ ಮೊದ್ಲು ವಿಚಾರಿಸಿ, ಪಿಯುಸಿವರೆಗೂ ಒಂದೇ ಕಡೆ ಆಗುತ್ತೆ, ಆದ್ರೆ ಸೀಟು ಬೇಗ ತುಂಬುತ್ತೆ. ಎಸ್‌ಡಿಎಂಸಿಯವರನ್ನೂ (ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿ) ಒಮ್ಮೆ ಮಾತಾಡ್ಸಿ. ಬಾಡಿಗೆ ಅಡ್ವಾನ್ಸ್ ಆಮೇಲೆ ಕೊಡಿ.