ಸಾಕ್ಷಿಗಳೆಲ್ಲ ಭೂತಕಾಲದಲ್ಲೇ ಏಕೆ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಹನ್ನೊಂದು ವರ್ಷಗಳಿಂದ ನಾನು ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಶಿಕ್ಷಕನಾಗಿದ್ದೇನೆ. ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಚಟ ನನಗಿದೆ. ಪ್ರತಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಮೊಣಕಾಲೂರಿ, ಇನ್ನು ಮುಟ್ಟುವುದಿಲ್ಲವೆಂದು ಹರಕೆ ಹೊರುತ್ತೇನೆ. ಜನವರಿ ಕಳೆಯುವುದರೊಳಗೆ ಮತ್ತೆ ಬಿದ್ದಿರುತ್ತೇನೆ. ಈಚೆಗೆ ಉಜ್ಜೀವನ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು, ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ, ಮಾಡುವವನು ಹುಟ್ಟಿಯೇ ಇಲ್ಲ ಎಂದರು. ಹಾಗಾದರೆ ನಾನು ಯಾರು? ಸಂಡೇ ಸ್ಕೂಲ್ ಬಿಟ್ಟುಬಿಡಲೇ? ಹೆಸರು ಹಾಕದೆ ಪ್ರಕಟಿಸಬಹುದು.

ಸಂಪಾದಕರ ಉತ್ತರ: ಪ್ರಿಯ ಸಹೋದರರೇ, ಬೋಧಕರು ಹೇಳಿದ ಮಾತು ಸತ್ಯವೇದದಲ್ಲಿ ಇಲ್ಲದ್ದೇನಲ್ಲ. ಯೋಹಾನನ ಮೊದಲನೆಯ ಪತ್ರಿಕೆಯ ಮೂರನೇ ಅಧ್ಯಾಯದ ಒಂಬತ್ತನೇ ವಚನದಲ್ಲಿ ಅದು ಇದೆ. ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೇ ಎಂದು ಕೇಳಿ, ಎಂದಿಗೂ ಕೂಡದು ಎಂದು ತಾನೇ ಉತ್ತರ ಕೊಟ್ಟವನು ಪೌಲ. ಪಾಪವನ್ನು ಹಗುರವಾಗಿ ಕಾಣಬಾರದೆಂಬ ಅವರ ಕಾಳಜಿ ನ್ಯಾಯವಾದದ್ದೇ. ಇಷ್ಟು ಹೇಳಿ ಅವರಿಗೆ ಸಲ್ಲಬೇಕಾದ ಗೌರವವನ್ನು ನಾನು ಸಲ್ಲಿಸಿದ್ದೇನೆ. ಆದರೆ ಮೂರನೇ ಅಧ್ಯಾಯಕ್ಕೆ ಬರುವವರು ಮೊದಲನೇ ಅಧ್ಯಾಯವನ್ನು ದಾಟಿಯೇ ಬರಬೇಕಷ್ಟೆ. ನಮ್ಮಲ್ಲಿ ಪಾಪವಿಲ್ಲವೆಂದು ಹೇಳಿದರೆ ನಮ್ಮನ್ನು ನಾವೇ ವಂಚಿಸಿಕೊಳ್ಳುತ್ತೇವೆ ಎಂದು ಅಲ್ಲಿ ಬರೆದವನೂ ಅದೇ ಯೋಹಾನನೇ, ಮತ್ತು ಅವನು ‘ನೀವು’ ಎನ್ನದೆ ‘ನಾವು’ ಎಂದಿದ್ದಾನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕ್ರಿಯಾಪದ. ‘ಚಟ ನನಗಿದೆ’ ಎಂದು ಬರೆದಿದ್ದೀರಿ, ‘ಇತ್ತು’ ಎಂದಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೇ ಅಧ್ಯಾಯವನ್ನು ಒಮ್ಮೆ ವ್ಯಾಕರಣದ ಕಣ್ಣಿನಿಂದ ಓದಿ ನೋಡಿ. ಹದಿಮೂರನೇ ವಚನದವರೆಗೆ ಪೌಲನು ತನ್ನ ಕಥೆಯನ್ನು ಭೂತಕಾಲದಲ್ಲಿ ಹೇಳಿಕೊಂಡು ಬರುತ್ತಾನೆ. ಹದಿನಾಲ್ಕರಿಂದ ಗ್ರೀಕ್ ಮೂಲದಲ್ಲಿ ಕ್ರಿಯಾಪದಗಳು ವರ್ತಮಾನಕ್ಕೆ ಹೊರಳುತ್ತವೆ. ಮೆಚ್ಚುವುದನ್ನು ಮಾಡದೆ, ದ್ವೇಷಿಸುವುದನ್ನೇ ಮಾಡುತ್ತೇನೆ ಎನ್ನುತ್ತಾನೆ; ಈ ದೇಹದಿಂದ ನನ್ನನ್ನು ಬಿಡಿಸುವವರು ಯಾರು ಎಂದು ಕೂಗುತ್ತಾನೆ. ಇದು ಕ್ರಿಸ್ತನನ್ನು ಅರಿಯುವ ಮೊದಲಿನ ಮನುಷ್ಯನ ಸ್ಥಿತಿ, ಪೌಲನು ಅವನ ವೇಷ ತೊಟ್ಟು ಮಾತಾಡುತ್ತಿದ್ದಾನೆ ಎಂದು ಓರಿಗೆನ್ ಮೊದಲಾದ ಆದಿಸಭೆಯ ಗ್ರೀಕ್ ಗುರುಗಳು ಬರೆದರು, ಇಂದಿನ ಪಂಡಿತರಲ್ಲೂ ಅನೇಕರು ಹಾಗೆಯೇ ಬರೆಯುತ್ತಾರೆ. ಲ್ಯಾಟಿನ್ ಸಭೆಯ ಗುರುವಾದ ಅಗಸ್ಟೀನನೂ ಮೊದಲು ಹಾಗೆಯೇ ಓದಿದ್ದ. ವಯಸ್ಸಾದ ಮೇಲೆ, ಮನುಷ್ಯ ಸ್ವಂತ ಬಲದಿಂದಲೇ ಪಾಪವಿಲ್ಲದೆ ಬಾಳಬಲ್ಲನೆಂದ ಪೆಲಾಗಿಯಸನೊಂದಿಗಿನ ವಾದದ ದಿನಗಳಲ್ಲಿ, ಆತ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡು, ಇದು ಕೃಪೆಯಲ್ಲಿರುವವನದೇ, ಅಪೊಸ್ತಲನದೇ ನರಳಾಟ ಎಂದ. ಬಿಷಪನಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ತನ್ನ ಮತ್ತು ಪರರ ಮನಸ್ಸನ್ನು ಕಂಡವನು ಹೀಗೆ ತಿದ್ದಿಕೊಂಡದ್ದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಪಂಡಿತರು ಕ್ಷಮಿಸಬೇಕು.

ಮೊಬೈಲು ಇಲ್ಲದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಿಮಗೆ ಅನ್ನಿಸಿರಬಹುದು. ಸತ್ಯವೇದವನ್ನು ಲ್ಯಾಟಿನ್ನಿಗೆ ತಂದ ಜೆರೋಮನು ಯೌವನದಲ್ಲಿ ಸಿರಿಯಾದ ಮರುಭೂಮಿಗೆ ಹೋಗಿ ಉಪವಾಸದಿಂದ ದೇಹವನ್ನು ದಂಡಿಸಿದವನು. ಚೇಳು ಮತ್ತು ಕಾಡುಮೃಗಗಳ ಸಹವಾಸದಲ್ಲಿದ್ದರೂ ತನ್ನ ಮನಸ್ಸು ರೋಮಿನ ನರ್ತಕಿಯರ ನಡುವೆ ಸುತ್ತುತ್ತಿತ್ತೆಂದು ಅವನು 384ರಲ್ಲಿ ಬರೆದ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾನೆ. ಆ ಪತ್ರವನ್ನು ಬರೆದದ್ದು ಕನ್ಯಾವ್ರತ ತೊಟ್ಟ ಯುವತಿಯೊಬ್ಬಳಿಗೆ! ನಮ್ಮ ಯಾವ ಬೋಧಕರಿಗೆ ಇಂದು ಆ ಧೈರ್ಯವಿದೆ?

ಈಜಿಪ್ಟಿನ ಸನ್ಯಾಸಿಗಳ ಮಾತುಗಳನ್ನು ಸಂಗ್ರಹಿಸಿದ ಕ್ಯಾಸಿಯನ್ ಹೇಳುವ ಒಂದು ಸಂಗತಿ ನಿಮ್ಮ ಉಜ್ಜೀವನ ಕೂಟಕ್ಕೆ ಅಳತೆ ತೆಗೆದು ಹೊಲಿಸಿದಂತಿದೆ. ಕಾಮದ ಯೋಚನೆಗಳಿಂದ ಬೆಂದ ಯುವಕನೊಬ್ಬ ಹಿರಿಯರೊಬ್ಬರ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡ. ಆ ಹಿರಿಯರು ನೀನು ಸನ್ಯಾಸಿ ಎನ್ನಿಸಿಕೊಳ್ಳಲೇ ಅಯೋಗ್ಯ ಎಂದು ಹೀಯಾಳಿಸಿದರು. ಅವನು ಸೋತು, ಮದುವೆಯಾಗಿ ಸಂಸಾರ ಹೂಡುವುದೇ ಸರಿಯೆಂದು ಊರಿನ ದಾರಿ ಹಿಡಿದ. ದಾರಿಯಲ್ಲಿ ಸಿಕ್ಕ ಅಪೊಲ್ಲೋ ಎಂಬ ವೃದ್ಧ ಅವನ ಮುಖ ಕಂಡೇ ವಿಚಾರಿಸಿ, ಈ ವಯಸ್ಸಿನಲ್ಲಿ ನನ್ನನ್ನೂ ಅವು ಬಿಟ್ಟಿಲ್ಲ ಮಗು, ಒಂದು ದಿನ ತಡೆದುಕೋ ಎಂದು ಸಮಾಧಾನ ಹೇಳಿದ. ಆಮೇಲೆ ಗದರಿಸಿದವರ ಗುಡಿಸಲ ಬಳಿ ನಿಂತು, ಆ ಶೋಧನೆ, ಆ ಪಾಪದ ಸೆಳೆತ, ಇವರಿಗೇ ಬರಲಿ ಎಂದು ಪ್ರಾರ್ಥಿಸಿದ. ಸ್ವಲ್ಪ ಹೊತ್ತಿನಲ್ಲೇ ಹಿರಿಯರು ಹುಚ್ಚು ಹಿಡಿದವರಂತೆ ಒಳಗೂ ಹೊರಗೂ ಓಡಾಡಿ, ಯುವಕ ಹೊರಟ ದಾರಿಯಲ್ಲೇ ತಾವೂ ಹೊರಟರಂತೆ. ಇಂಥ ಪ್ರಾರ್ಥನೆಯನ್ನು ನಾನು ನಿಮಗೆ ಶಿಫಾರಸು ಮಾಡುತ್ತಿಲ್ಲ, ಆದರೂ ಓದಿದಾಗಲೆಲ್ಲ ನಗು ಬರುತ್ತದೆ.

ಅದೇ ಸಂಗ್ರಹದಲ್ಲಿ ಸೆರಾಪಿಯೋನ್ ಎಂಬವರು ತಮ್ಮ ಬಾಲ್ಯದ ಕಥೆ ಹೇಳುತ್ತಾರೆ. ಗುರುವಿನೊಂದಿಗೆ ಊಟ ಮುಗಿದ ಮೇಲೆ ಪ್ರತಿದಿನ ಒಂದು ಒಣರೊಟ್ಟಿಯನ್ನು ಎದೆಯ ಬಟ್ಟೆಯೊಳಗೆ ಬಚ್ಚಿಟ್ಟು, ಸಂಜೆ ಕದ್ದು ತಿನ್ನುತ್ತಿದ್ದರು. ತಿಂದ ಸುಖಕ್ಕಿಂತ ತಿಂದ ಮೇಲಿನ ಸಂಕಟವೇ ದೊಡ್ಡದಾಗಿದ್ದರೂ ಮರುದಿನ ಕೈ ತಾನಾಗಿ ಚಾಚುತ್ತಿತ್ತು. ಒಂದು ದಿನ ಬಂದ ಅತಿಥಿಗಳೊಡನೆ ಗುರು ಗುಟ್ಟಾಗಿ ಇಟ್ಟುಕೊಂಡ ಯೋಚನೆಗಳ ಬಲವನ್ನು ಕುರಿತು ಮಾತಾಡುತ್ತಿದ್ದಾಗ, ಹುಡುಗ ಬಿಕ್ಕಿಬಿಕ್ಕಿ ಅತ್ತು, ಎಲ್ಲರೆದುರು ಬಟ್ಟೆಯೊಳಗಿಂದ ಆ ದಿನದ ರೊಟ್ಟಿಯನ್ನು ತೆಗೆದಿಟ್ಟ. ನಾನು ಒಂದು ಮಾತೂ ಆಡಬೇಕಾಗಿಲ್ಲ, ನೀನು ಹೇಳಿದ್ದೇ ನಿನ್ನನ್ನು ಬಿಡಿಸಿತು ಎಂದ ಗುರು. ಹುಡುಗ ತಂದಿಟ್ಟದ್ದು ನಿನ್ನೆ ಕದ್ದು ತಿಂದ ರೊಟ್ಟಿಯ ಕಥೆಯನ್ನಲ್ಲ, ಇನ್ನೂ ತಿನ್ನದೆ ಇದ್ದ ರೊಟ್ಟಿಯನ್ನು.

ಪ್ರೊಟೆಸ್ಟೆಂಟರಾದ ನಾವು ಈ ರೊಟ್ಟಿಯನ್ನು ಎಲ್ಲಿಡಬೇಕು? ಪಾಪನಿವೇದನೆ ಕಥೋಲಿಕರದ್ದು, ಲೂಥರನು ಅದನ್ನು ಕಿತ್ತೆಸೆದನು ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ನಿಜಸಂಗತಿ ಬೇರೆ. ಬಲವಂತದ ನಿವೇದನೆಯನ್ನು ಆತ ವಿರೋಧಿಸಿದನು, ಆದರೆ 1522ರ ಮಾರ್ಚಿನಲ್ಲಿ ವಿಟೆನ್‌ಬರ್ಗಿನ ಪ್ರಸಂಗವೊಂದರಲ್ಲಿ, ಒಬ್ಬನೆದುರು ಗುಟ್ಟಾಗಿ ಪಾಪ ಹೇಳಿಕೊಳ್ಳುವ ಈ ಆದರಣೆಯನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲು ಬಿಡುವುದಿಲ್ಲ ಎಂದನು. ಲೂಥರನ ಕಡೆಯವರ ನಂಬಿಕೆಯ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ಅರಿಕೆಯ ಹನ್ನೊಂದನೇ ವಿಧಿಯೂ ಅದನ್ನು ಸಭೆಗಳಲ್ಲಿ ಉಳಿಸಿಕೊಳ್ಳಬೇಕೆನ್ನುತ್ತದೆ. ಮೆಥಡಿಸ್ಟ್ ಪಂಗಡದ ಮೂಲಪುರುಷನಾದ ವೆಸ್ಲಿಯು 1738ರ ಡಿಸೆಂಬರಿನಲ್ಲಿ ತನ್ನ ಚಿಕ್ಕ ಗುಂಪುಗಳಿಗೆ ನಿಯಮ ಬರೆದಾಗ, ವಾರಕ್ಕೊಮ್ಮೆ ಸೇರಿ, ಕಳೆದ ಸಲ ಸೇರಿದ ಮೇಲೆ ಯಾವ ಪಾಪ ಮಾಡಿದೆ, ಯಾವ ಶೋಧನೆ ಎದುರಾಯಿತು ಎಂದು ಪ್ರತಿಯೊಬ್ಬನನ್ನೂ ಕೇಳಬೇಕೆಂದು ವಿಧಿಸಿದನು. ಇವರ ವಾರಸುದಾರರಾದ ನಾವು ಭಾನುವಾರ ಎಲ್ಲರೂ ಒಟ್ಟಾಗಿ ಅಚ್ಚಾದ ಅರಿಕೆಯನ್ನು ಅರ್ಧ ನಿಮಿಷದಲ್ಲಿ ಓದಿ ಮುಗಿಸುತ್ತೇವೆ. ಎಲ್ಲರೂ ಹೇಳಿದ್ದರಿಂದ ಯಾರೂ ಹೇಳಿದಂತಾಗುವುದಿಲ್ಲ. ನಿವೃತ್ತ ಸಭಾಪಾಲಕರೊಬ್ಬರು ಒಮ್ಮೆ ನನ್ನೊಡನೆ ಹೇಳಿದರು: ಮೂರು ದಶಕಗಳ ಸೇವೆಯಲ್ಲಿ ದೀಕ್ಷಾಸ್ನಾನದ ಸರ್ಟಿಫಿಕೇಟಿಗಾಗಿ ಬಾಗಿಲು ತಟ್ಟಿದವರಿಗೆ ಲೆಕ್ಕವಿಲ್ಲ, ತನ್ನ ಪಾಪ ಹೇಳಿಕೊಳ್ಳಲು ಬಂದವರು ಇಬ್ಬರೇ, ಅವರಲ್ಲಿ ಒಬ್ಬ ತಪ್ಪು ಮನೆಗೆ ಬಂದಿದ್ದ ಕುಡುಕ.

ಕುಡುಕರ ಮಾತು ಬಂದದ್ದರಿಂದ ಹೇಳುತ್ತೇನೆ. ಎಷ್ಟೋ ಊರುಗಳಲ್ಲಿ ಚರ್ಚಿನ ಹಿಂಭಾಗದ ಕೋಣೆಯಲ್ಲಿ ವಾರಕ್ಕೊಮ್ಮೆ ಮದ್ಯವ್ಯಸನಿಗಳ ಸಭೆ ಸೇರುತ್ತದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಆ ಬಳಗ 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ, ಪಾಪಗಳನ್ನು ಪರಸ್ಪರ ಹೇಳಿಕೊಳ್ಳುತ್ತಿದ್ದ ಕ್ರೈಸ್ತ ಗುಂಪೊಂದರ ಒಡಲಿನಿಂದ ಹುಟ್ಟಿತು. ಕುಡಿತ ಬಿಟ್ಟು ಇಪ್ಪತ್ತು ವರ್ಷವಾದವನೂ ಅಲ್ಲಿ ಎದ್ದುನಿಂತು ‘ನಾನು ಕುಡುಕ’ ಎಂದೇ ಪರಿಚಯ ಹೇಳಿಕೊಳ್ಳುತ್ತಾನೆ. ಮುಂಭಾಗದ ಆರಾಧನೆಯಲ್ಲಿ, ದೇವರು ನಮ್ಮ ಬಾಳನ್ನು ಬದಲಿಸಿದ ಬಗೆಯನ್ನು ಎಲ್ಲರೆದುರು ಹೇಳುವ ನಮ್ಮ ಸಾಕ್ಷಿಗಳೋ, ಕುಡಿಯುತ್ತಿದ್ದೆ, ಹೊಡೆಯುತ್ತಿದ್ದೆ, ಕರ್ತನು ಮುಟ್ಟಿದನು, ಬಿಟ್ಟೆ ಎಂದು ನಾಲ್ಕು ಭೂತಕಾಲಗಳಲ್ಲಿ ಮುಗಿಯುತ್ತವೆ. ನಮ್ಮ ಪತ್ರಿಕೆಯ ಸಾಕ್ಷಿ ಪುಟಕ್ಕೆ ಬರುವ ಬರಹಗಳೂ ಹಾಗೆಯೇ. ಅವುಗಳನ್ನು ತಿದ್ದಿ ಅಚ್ಚಿಗೆ ಕಳಿಸುತ್ತ, ಎಲ್ಲೋ ಒಬ್ಬ ಓದುಗ ಇದನ್ನು ಓದಿ ತಾನೊಬ್ಬನೇ ಬಿದ್ದಿದ್ದೇನೆಂದು ತಿಳಿಯುವನಲ್ಲಾ ಎಂದು ಯೋಚಿಸಿದವನಲ್ಲ ನಾನು. ನೀವೇ ಆ ಓದುಗರಾಗಿದ್ದಿರಬಹುದು. ಇದು ನನ್ನ ತಪ್ಪು.

ಇನ್ನು ನಿಮ್ಮನ್ನೂ ಸ್ವಲ್ಪ ಗದರಿಸಬೇಕಾಗಿದೆ. ವರ್ಷವರ್ಷವೂ ನೂರಾರು ಜನರ ನಡುವೆ ಮೊಣಕಾಲೂರಿದಿರಿ, ಆದರೆ ಪಕ್ಕದಲ್ಲಿದ್ದವನಿಗೆ ಒಂದು ಮಾತು ಹೇಳಲಿಲ್ಲ. ಕೊನೆಗೆ ಹೇಳಿದ್ದು ಮುಖವಿಲ್ಲದ ಅಂಚೆಪೆಟ್ಟಿಗೆಗೆ. ಹರಕೆ ಸಾಕು. ನಿಮ್ಮ ಸಭೆಯಲ್ಲಿ ಹೆಚ್ಚು ಮಾತಾಡದ, ಸ್ವತಃ ಎಲ್ಲೋ ಬಿದ್ದು ಎದ್ದವರಂತೆ ಕಾಣುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಈ ವಾರವೇ ಅವರ ಮನೆಗೆ ಹೋಗಿ ನನಗೆ ಬರೆದದ್ದನ್ನು ಬಾಯಿಬಿಟ್ಟು ಹೇಳಿರಿ, ಮುಂದಿನ ವಾರವೂ ಹೋಗಿರಿ. ಮಲಗುವ ಮೊದಲು ಮೊಬೈಲನ್ನು ಅಡುಗೆಮನೆಯಲ್ಲಿಡುವುದೂ ಒಳ್ಳೆಯದೇ, ಜೆರೋಮನ ಕಥೆಯನ್ನು ಮರೆಯದಿದ್ದರೆ. ಸಂಡೇ ಸ್ಕೂಲ್ ಬಿಡುವ ವಿಷಯವನ್ನು ನೀವೊಬ್ಬರೇ ಕತ್ತಲಲ್ಲಿ ಕೂತು ತೀರ್ಮಾನಿಸಬೇಡಿ. ಅದನ್ನೂ ಆ ಹಿರಿಯರ ಮುಂದಿಡಿ.

ನಿಮ್ಮ ಪತ್ರವನ್ನು ಓದುಗರ ಪತ್ರಗಳ ಪುಟಕ್ಕೆಂದು ಕಳಿಸಿದ್ದಿರಿ. ಅದನ್ನೂ ಈ ಉತ್ತರವನ್ನೂ ಸಾಕ್ಷಿ ಪುಟದಲ್ಲಿ ಹಾಕಿದ್ದೇನೆ.