ಹಿಡಿ ಕೂರದ ಏರ್ ಪಿಸ್ತೂಲು

ಪ್ರಶ್ನೆ: ಬೇರೊಬ್ಬರು ಬಳಸಿದ್ದ, ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ ಗುಂಡು ಹಾರಿಸುವ 10 ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲನ್ನು ಕೊಂಡಿದ್ದೇನೆ. ಬಲಗೈಯವನು. ಮರದ ಹಿಡಿ ಸರಿಯಾಗಿ ಕೂರುವುದಿಲ್ಲ, ಗುಂಡುಗಳು ಎಡಕ್ಕೆ ಬೀಳುತ್ತವೆ. ನಳಿಕೆಗೆ ಎಣ್ಣೆ ಬಿಟ್ಟು, ಟ್ರಿಗರನ್ನು ಇನ್ನಷ್ಟು ಹಗುರ ಮಾಡಲೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಮೊದಲು ಸಿಲಿಂಡರಿನ ಮೇಲಿನ ತಾರೀಖು ನೋಡಿ. ಅವಧಿ ಮೀರಿದ್ದರೆ ಗಾಳಿ ತುಂಬಲೇಬೇಡಿ. ಒತ್ತಿದ ಗಾಳಿಯ ಜೊತೆ ಖನಿಜ ತೈಲ ಸೇರಿದರೆ ಹೊತ್ತಿಕೊಳ್ಳುವ ಅಪಾಯವಿದೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರಗಳಿಗೆ ಸಿಲಿಕೋನ್ ಗ್ರೀಸಿನ ತೆಳು ಲೇಪ ಸಾಕು.

ನಿಜವಾದ ಕೆಲಸವಿರುವುದು ಹಿಡಿಯಲ್ಲಿ. ಪಿಸ್ತೂಲು ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಗುರಿಯತ್ತ ಕಣ್ಣು ಮುಚ್ಚಿ ಕೈಯೆತ್ತಿ, ಬಳಿಕ ತೆರೆಯಿರಿ. ಮುಂದಿನ ಗುರಿಕಡ್ಡಿ ಹಿಂದಿನ ಸೀಳಿನ ನಡುವೆ ನಿಲ್ಲದೆ ಪ್ರತಿಸಲವೂ ಒಂದೇ ಬದಿಗೆ ಸರಿದಿದ್ದರೆ ಹಿಡಿಯನ್ನು ತಿದ್ದಬೇಕು. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಹಿಡಿಯಿರಿ; ಒತ್ತುವ ಜಾಗದಲ್ಲಿ ಬಿಳಿ ಗುರುತು ದಟ್ಟವಾಗಿ ಮೂಡುತ್ತದೆ. ಅಲ್ಲಿ ಮಾತ್ರ ಉಪ್ಪುಕಾಗದದಿಂದ ತುಸುತುಸುವೇ ಉಜ್ಜಿ, ಮತ್ತೆ ಹಿಡಿದು ನೋಡಿ. ಅವಸರ ಬೇಡ. ತೋರುಬೆರಳಿನ ಪಕ್ಕ ಮರಕ್ಕೆ ತಾಗದಂತೆ ಬಿಡುವು ಇರಲೇಬೇಕು. ತಾಗಿದರೆ ಟ್ರಿಗರ್ ಒತ್ತುವಾಗ ಬೆರಳು ಇಡೀ ಪಿಸ್ತೂಲನ್ನೇ ಎಡಕ್ಕೆ ತಳ್ಳುತ್ತದೆ. ನಿಮ್ಮ ತೊಂದರೆಗೂ ಇದೇ ಕಾರಣವೆಂದು ನನ್ನ ಬಲವಾದ ಅನುಮಾನ. ಅಂಗೈ ಕೆಳಗಿನ ಆಸರೆಯನ್ನೂ ಬಿಗಿದು ಕೈಯನ್ನು ಹಿಂಡಬೇಡಿ.

ಟ್ರಿಗರ್ ಭಾರ, ಅಂದರೆ ಅದನ್ನು ಒತ್ತಲು ಬೇಕಾದ ಬಲ, ಸ್ಪರ್ಧೆಯಲ್ಲಿ ಕನಿಷ್ಠ 500 ಗ್ರಾಂ ಇರಬೇಕು. ಆ ಭಾರವನ್ನು ಇಳಿಸುವ ಬದಲು ಟ್ರಿಗರಿನ ಅಲಗನ್ನು ಹಿಂದೆ ಮುಂದೆ ಸರಿಸಿ, ಬೆರಳಿನ ತುದಿಯ ಮೆತ್ತೆ ಅದರ ಮೇಲೆ ಕೂರುವಂತೆ ಹೊಂದಿಸಿಕೊಳ್ಳಿ.