ದೂರ ಎಸೆಯುವ ಮೊದಲು ಹತ್ತಿರದ ನೀರು ನೋಡಿ

ಪ್ರಶ್ನೆ: ಮನೆಯವರ ಜೊತೆ ಕೆಲವು ದಿನ ಸಮುದ್ರ ತೀರದಲ್ಲಿ ಇರುತ್ತೇವೆ. ಕೆರೆಯಲ್ಲಿ ಗಾಳ ಹಾಕಿ ಅಭ್ಯಾಸ ಇದೆ, ಸಮುದ್ರ ಹೊಸದು. ದೋಣಿ ಬೇಡ, ದಡದಲ್ಲೇ ನಿಂತು ಹಿಡಿಯಬೇಕು ಅಂತ ಆಸೆ. ಹೋದ ಸಲ ಎಷ್ಟು ದೂರ ಎಸೆದರೂ ಅಲೆ ಗಾಳವನ್ನು ಎಳೆದು ತಂದು ದಡಕ್ಕೇ ಹಾಕಿತು. ಉದ್ದದ ರಾಡ್ ಕೊಳ್ಳಲೇಬೇಕಾ? ಯಾವ ಹೊತ್ತು ಒಳ್ಳೆಯದು?

ಉತ್ತರ: ರಾಡ್ ವಿಷಯ ಆಮೇಲೆ. ಮೊದಲು ನೀರು ನೋಡಿ. ಸಮುದ್ರ ಅಂದ ತಕ್ಷಣ ಮೀನು ದೂರದಲ್ಲೇ ಇರುತ್ತದೆ ಅಂದುಕೊಂಡು ಹೊಸಬರು ತೋಳು ಸೋಲುವವರೆಗೆ ಎಸೆಯುತ್ತಾರೆ. ಎಷ್ಟೋ ಸಲ ಮೀನು ಇರುವುದು ಅವರ ಗಾಳಕ್ಕೂ ಕಾಲಿಗೂ ಮಧ್ಯೆ.

ತೀರಕ್ಕೆ ಹೋದ ದಿನ ಇಳಿತದ ಹೊತ್ತಿಗೆ ಬರಿಗೈಯಲ್ಲಿ ಒಂದು ಸುತ್ತು ನಡೆಯಿರಿ. ನೀರು ಹಿಂದೆ ಸರಿದಾಗ ಎಲ್ಲಿ ದಿಬ್ಬ, ಎಲ್ಲಿ ಗುಂಡಿ ಅಂತ ಕಣ್ಣಿಗೇ ಕಾಣುತ್ತದೆ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಯಾಕೆಂದರೆ ಉಬ್ಬರ ಬಂದ ಮೇಲೆ ಎಲ್ಲಾ ಒಂದೇ ಥರ ಕಾಣುತ್ತದೆ. ನೀರು ತುಂಬಿದಾಗಲೂ ಗುರುತು ಇದ್ದೇ ಇರುತ್ತದೆ. ಅಲೆ ಒಡೆದು ಬೆಳ್ಳಗಾಗುವ ಕಡೆ ಆಳ ಕಡಿಮೆ, ಕೆಳಗೆ ಮರಳು ದಿಬ್ಬ ಇದೆ. ಅದನ್ನು ದಾಟಿದ ಅಲೆ ಸ್ವಲ್ಪ ಸುಮ್ಮನಾಗಿ ದಡದ ಹತ್ತಿರ ಮತ್ತೆ ಒಡೆಯುತ್ತದೆ ಅಲ್ವಾ, ಆ ಎರಡು ಬಿಳಿ ಸಾಲುಗಳ ನಡುವೆ ಕಾಣುವ ಗಾಢ ಬಣ್ಣದ ಪಟ್ಟಿಯೇ ಆಳದ ಜಾಗ. ಅಲೆ ಮರಳು ಕೆದಕಿದಾಗ ಹುಳು, ಮರಿ ಏಡಿ, ಚಿಪ್ಪುಗಳೆಲ್ಲ ಮೇಲೆದ್ದು ಅಲ್ಲಿಗೆ ಬಂದು ಸೇರುತ್ತವೆ. ಅದನ್ನು ತಿನ್ನಲು ಮೀನು ದಡದ ಉದ್ದಕ್ಕೂ ಆ ಆಳದಲ್ಲೇ ಓಡಾಡುತ್ತದೆ. ನಿಮ್ಮ ಗಾಳ ಬೀಳಬೇಕಾದ್ದು ಅಲ್ಲಿ. ಕೆಲವು ತೀರಗಳಲ್ಲಿ ಅದು ಇಪ್ಪತ್ತು ಮೂವತ್ತು ಮೀಟರ್ ಒಳಗೇ ಸಿಗುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, ಗಡಿಯಾರಕ್ಕಿಂತ ಉಬ್ಬರದ ಪಟ್ಟಿ ಮುಖ್ಯ. ದಿನಕ್ಕೆ ಎರಡು ಸಲ ಉಬ್ಬರ ಬರುವ ಕಡೆ ಉಬ್ಬರಕ್ಕೂ ಇಳಿತಕ್ಕೂ ಸುಮಾರು 6 ಗಂಟೆ ಅಂತರ, ಮತ್ತೆ ಪ್ರತಿದಿನ ಅದು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಇವತ್ತು ಒಳ್ಳೆಯದಿದ್ದ ಹೊತ್ತು ನಾಲ್ಕು ದಿನ ಬಿಟ್ಟು ಒಳ್ಳೆಯದಿರುವುದಿಲ್ಲ. ನನ್ನ ಆಯ್ಕೆ ನೀರು ಏರುತ್ತಿರುವ ಕೊನೆಯ ಎರಡು ಗಂಟೆ, ಅದೂ ಬೆಳಗಿನ ಜಾವಕ್ಕೋ ಸಂಜೆಗೋ ಕೂಡಿ ಬಂದರೆ ಬಿಡಲೇಬೇಡಿ. ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಸೆಳೆತವೂ ಜಾಸ್ತಿ.

ಗಾಳ ದಡಕ್ಕೆ ವಾಪಸ್ ಬಂದದ್ದು ಭಾರದ ತೊಂದರೆ. ಕೆರೆಯಲ್ಲಿ ಬಳಸುವ ಉರುಟು ಗುಂಡು ಮರಳಿನ ಮೇಲೆ ಉರುಳುತ್ತದೆ. ಪಿರಮಿಡ್ ಆಕಾರದ್ದು ಮರಳಿಗೆ ಕಚ್ಚಿಕೊಂಡು ನಿಲ್ಲುತ್ತದೆ, 60ರಿಂದ 100 ಗ್ರಾಂ ಇದ್ದರೆ ಸಾಧಾರಣ ಅಲೆಗೆ ಸಾಕು. ಇನ್ನು ರಾಡ್. ಕೊಳ್ಳುವುದಾದರೆ 10 ಅಡಿಯದ್ದು ಸಾಕು, ಉದ್ದ ಬೇಕಾಗುವುದು ಮುಖ್ಯವಾಗಿ ಲೈನನ್ನು ಹತ್ತಿರದ ಅಲೆಗಳಿಂದ ಮೇಲೆ ಹಿಡಿಯಲು. ರಾಡಿನ ಮೇಲೆ ಎಷ್ಟು ತೂಕ ಎಸೆಯಬಹುದು ಅಂತ ಬರೆದಿರುತ್ತದೆ, ಕೆರೆಯ ರಾಡಿಗೆ ಇಷ್ಟು ಭಾರ ಕಟ್ಟಿ ಎಸೆದರೆ ಮುರಿಯುತ್ತದೆ.

ಒಂದನ್ನು ಮಾತ್ರ ಯಾರು ಏನೇ ಹೇಳಿದರೂ ಬಿಡಬೇಡಿ. ತೆಳು ಲೈನಿನ ತುದಿಗೆ ದಪ್ಪ ಲೈನ್ ಕಟ್ಟಲೇಬೇಕು, ಅದನ್ನು ಶಾಕ್ ಲೀಡರ್ ಅನ್ನುತ್ತಾರೆ. ಪ್ರತಿ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಭಾರಕ್ಕೆ 10 ಪೌಂಡ್ ತಾಕತ್ತಿನ ಲೀಡರ್ ಅನ್ನುವುದು ರೂಢಿಯ ಲೆಕ್ಕ. ಜೋರಾಗಿ ಎಸೆಯುವಾಗ ಲೈನ್ ತುಂಡಾದರೆ ಆ ಸೀಸದ ಗುಂಡು ಯಾರ ತಲೆಗೆ ಬೀಳುತ್ತದೋ ಹೇಳಲಾಗದು.

ಎರೆಗೆ ಸಿಗಡಿ ನಡೆಯುತ್ತದೆ, ಅಲೆಗೆ ಕಳಚದ ಹಾಗೆ ತೆಳು ಎಲಾಸ್ಟಿಕ್ ದಾರ ಸುತ್ತಿ. ಆದರೆ ಎಲ್ಲಕ್ಕಿಂತ ಒಳ್ಳೆಯದು ಆ ತೀರದಲ್ಲೇ ಸಿಗುವ ಎರೆ. ಅಲೆ ಹಿಂದೆ ಸರಿಯುವಾಗ ಒದ್ದೆ ಮರಳಿನ ಮೇಲೆ ಬಗ್ಗಿ ನೋಡಿ, ಬಹಳಷ್ಟು ಮರಳು ತೀರಗಳಲ್ಲಿ ಸಣ್ಣ ಸಣ್ಣ ವಿ ಆಕಾರದ ಗುರುತುಗಳು ಕಾಣುತ್ತವೆ. ತಕ್ಷಣ ಅಲ್ಲಿ ಕೈ ಹಾಕಿ ಬಗೆದರೆ ಮೊಟ್ಟೆ ಆಕಾರದ, ಬೂದು ಬಣ್ಣದ ಪುಟ್ಟ ಏಡಿ ಅಂಗೈಯಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೂತುಕೊಳ್ಳಲು ನೋಡುತ್ತದೆ. ಮೀನು ಹುಡುಕಿಕೊಂಡು ಬರುವುದು ಇದನ್ನೇ.

ಪ್ರಶ್ನೆ: ರಾಡ್ ತುದಿ ಅಲ್ಲಾಡುತ್ತಲೇ ಇರುತ್ತದೆ. ಕಚ್ಚಿದ್ದು ಮೀನಾ, ಅಲೆಯಾ ಗೊತ್ತಾಗುವುದಿಲ್ಲ. ಸಿಕ್ಕಿದ ಮೀನೂ ದಡದ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತದೆ.

ಉತ್ತರ: ಅಲೆ ಎಳೆಯುವುದು ನಿಧಾನ, ಒಂದೇ ಲಯ. ಮೀನು ಕುಕ್ಕುವುದು ಟಕ್ ಟಕ್ ಅಂತ, ಲಯ ಇಲ್ಲದೆ. ಬಿಗಿಯಾಗಿದ್ದ ಲೈನ್ ಇದ್ದಕ್ಕಿದ್ದಂತೆ ಸಡಿಲವಾದರೂ ಮೀನೇ ಇರಬಹುದು, ಅದು ಎರೆ ಬಾಯಲ್ಲಿಟ್ಟುಕೊಂಡು ನಿಮ್ಮ ಕಡೆಗೇ ಬರುತ್ತಿರುತ್ತದೆ. ಸರ್ಕಲ್ ಹುಕ್, ಅಂದರೆ ತುದಿ ಒಳಕ್ಕೆ ಬಾಗಿದ ಕೊಕ್ಕೆ ಬಳಸಿದರೆ ಜಗ್ಗಬೇಡಿ, ಸುಮ್ನೆ ಸುತ್ತುತ್ತಾ ಬಿಗಿ ಮಾಡಿ, ಬಾಯಿಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ. ದಡಕ್ಕೆ ತರುವಾಗ ಅಲೆಯನ್ನೇ ಬಳಸಿಕೊಳ್ಳಿ. ಅಲೆ ಒಳಗೆ ಬರುವಾಗ ಸುತ್ತುತ್ತಾ ಹಿಂದೆ ನಡೆಯಿರಿ, ನೀರು ವಾಪಸ್ ಹೋಗುವಾಗ ಎಳೆದಾಡದೆ ಬಿಗಿ ಮಾತ್ರ ಕಾಯ್ದುಕೊಳ್ಳಿ. ಹೆಚ್ಚಿನ ಮೀನು ಕೈತಪ್ಪುವುದು ಆ ವಾಪಸ್ ಹೋಗುವ ನೀರಿನಲ್ಲಿ.

ಪ್ರಶ್ನೆ: ಮೊಣಕಾಲುದ್ದ ನೀರಿಗೆ ಇಳಿದು ಹಾಕಬಹುದಾ? ಮಕ್ಕಳೂ ಜೊತೆಗಿರುತ್ತಾರೆ.

ಉತ್ತರ: ಮಕ್ಕಳು ದಡದಲ್ಲೇ ಇರಲಿ, ನೀವು ಎಸೆಯುವಾಗ ಬೆನ್ನ ಹಿಂದೆ ಇರಬಾರದು. ಸ್ನಾನ ಮಾಡುವವರಿಂದ ದೂರ ನಿಲ್ಲಿ. ಆ ತೀರದಲ್ಲಿ ಗಾಳ ಹಾಕಲು ಪರವಾನಗಿ ಬೇಕಾ, ಎಷ್ಟು ಉದ್ದದ ಮೀನು ಬಿಡಬೇಕು ಅಂತ ಮೊದಲೇ ಕೇಳಿ. ಗುಡುಗು ಕೇಳಿದರೆ ರಾಡ್ ಮಡಚಿ ಹೊರಟುಬಿಡಿ, ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತದೆ.

ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ನೊರೆ ಹೊರಗೆ ಹೋಗುತ್ತಿದ್ದರೆ ಅದು ಸೆಳೆತ. ಅದರ ಅಂಚಿನಲ್ಲಿ ಗಾಳ ಹಾಕಿ, ಕಾಲಿಡಬೇಡಿ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ನೀರಿಗೆ ಇಳಿದರೆ ಹೆಜ್ಜೆ ಎತ್ತಿಡದೆ ಪಾದ ಎಳೆದುಕೊಂಡು ನಡೆಯಿರಿ, ಮರಳಿನಲ್ಲಿ ಹುದುಗಿದ ತೊರಕೆ ಮೀನು ಇದ್ದರೆ ಸದ್ದಿಗೆ ಸರಿದು ಹೋಗುತ್ತದೆ. ಅದರ ಬಾಲದ ಮುಳ್ಳು ಚುಚ್ಚಿದರೆ ಚರ್ಮ ಸುಡದಷ್ಟು, ಆದರೆ ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ, ಅಂದರೆ 45 ಡಿಗ್ರಿ ಸೆಲ್ಸಿಯಸ್ ಮೀರದ ಹಾಗೆ, ಅರ್ಧ ಗಂಟೆಗೂ ಜಾಸ್ತಿ ಹೊತ್ತು ಕಾಲಿಟ್ಟರೆ ನೋವು ಇಳಿಯುತ್ತದೆ. ನೋವು ಇಳಿದರೂ ವೈದ್ಯರಿಗೆ ತೋರಿಸಿ, ಮುಳ್ಳಿನ ಚೂರು ಒಳಗೇ ಉಳಿದಿರಬಹುದು. ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಮುಳ್ಳನ್ನು ಕೀಳಬೇಡಿ, ನೇರ ಆಸ್ಪತ್ರೆಗೆ ಹೋಗಿ.